ಪರದೇಶಿಯೂ ಸಂವಿಧಾನವೂ

ಕನ್ನಡದಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಅನ್ಯದೇಶದವನು ಎಂಬುದು ಒಂದು. ದಿಕ್ಕಿಲ್ಲದವನು ಎಂಬುದು ಇನ್ನೊಂದು. ಯುದ್ಧಕಾಲದಲ್ಲಿ ಈ ಎರಡು ಅರ್ಥಗಳೂ ಒಂದಾಗಿಬಿಡುವ ಅಪಾಯವಿದೆ.

1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು. ಮಡಿಕೇರಿಯ ಶಾಲೆಯ ಮುಖ್ಯಸ್ಥರಾಗಿದ್ದ ಜಿ. ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದರು. ಇಬ್ಬರೂ ಜರ್ಮನರು. ಆದರೆ 1914ರಲ್ಲಿ ಮಹಾಯುದ್ಧ ಆರಂಭವಾದೊಡನೆ ಅದೇ ಮಿಷನ್ನಿನ ಜರ್ಮನ್ ಪಾದ್ರಿಗಳು ಶತ್ರುಗಳೆನಿಸಿದರು. ಸುಗ್ರೀವಾಜ್ಞೆಯ ಬಲದಿಂದ ಅವರಲ್ಲಿ ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳುಹಿಸಲಾಯಿತು. ಅವರು ಮಾಡಿದ ಅಪರಾಧವೇನೆಂದು ಯಾರೂ ವಿಚಾರಿಸಬೇಕಾಗಿರಲಿಲ್ಲ. ಹುಟ್ಟಿದ ದೇಶವೇ ಸೆರೆಗೆ ಸಾಕಷ್ಟು ಕಾರಣವಾಯಿತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಕಾರ್ಯಾಂಗದ ಈ ಅಧಿಕಾರಕ್ಕೆ ಎಲ್ಲೆಯನ್ನು ಹಾಕಿತು. ವಾಕ್‌ಸ್ವಾತಂತ್ರ್ಯವೇ ಮೊದಲಾದ 19ನೆಯ ವಿಧಿಯ ಹಕ್ಕುಗಳು ನಾಗರಿಕರಿಗೆ ಮಾತ್ರ ಮೀಸಲು. ಜೀವ ಮತ್ತು ದೈಹಿಕ ಸ್ವಾತಂತ್ರ್ಯವನ್ನು ಕಾಯುವ 21ನೆಯ ವಿಧಿಯಾದರೋ ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎನ್ನುತ್ತದೆ. ಆದ್ದರಿಂದ ಅನ್ಯದೇಶೀಯನಿಗೂ ಅದರ ರಕ್ಷಣೆ ಸಲ್ಲುತ್ತದೆ. ಕಾನೂನು ವಿಧಿಸಿದ ಕ್ರಮವನ್ನು ಮೀರಿ ಅವನನ್ನೂ ಬಂಧಿಸುವಂತಿಲ್ಲ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ 22ನೆಯ ವಿಧಿಯ ನಿಯಮವು ಶತ್ರುದೇಶೀಯನಿಗೆ ಅನ್ವಯಿಸದು. ರಾಷ್ಟ್ರರಕ್ಷಣೆಗಾಗಿ ಅಷ್ಟು ವಿನಾಯಿತಿಯನ್ನು ಸಂವಿಧಾನವೇ ಇತ್ತಿದೆ.

ಈ ಎಲ್ಲೆಯೂ ಅಭೇದ್ಯವಾಗಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಹಕ್ಕಿಗಾಗಿ ನ್ಯಾಯಾಲಯದ ಮೊರೆಹೋಗುವುದನ್ನೇ ತಡೆಯಲು 359ನೆಯ ವಿಧಿಯಲ್ಲಿ ಅವಕಾಶವಿತ್ತು. 1962ರ ಚೀನಾ ಯುದ್ಧದ ಸಂದರ್ಭದಲ್ಲಿ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಒಯ್ಯಲಾಯಿತು. ಭಾರತದಲ್ಲಿಯೇ ಹುಟ್ಟಿದವರೂ, ಮಕ್ಕಳೂ, ವೃದ್ಧರೂ ಅವರಲ್ಲಿದ್ದರು. 1976ರಲ್ಲಿ ದೇಶದ ಪ್ರಜೆಗಳೇ ಬಂಧನವನ್ನು ಪ್ರಶ್ನಿಸಿದಾಗ, ಆ ಬಾಗಿಲು ಮುಚ್ಚಿದೆಯೆಂದು ಸುಪ್ರೀಂ ಕೋರ್ಟು ಹೇಳಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತವನ್ನು ತಾಳಿದರು. ಪರದೇಶಿಗಾಗಿ ಸಡಿಲಿಸಿದ ಕಟ್ಟು ಸ್ವದೇಶಿಯನ್ನೂ ಕಾಯದೆಂಬುದು ಆಗ ವ್ಯಕ್ತವಾಯಿತು. 1978ರ 44ನೆಯ ತಿದ್ದುಪಡಿಯು 21ನೆಯ ವಿಧಿಯನ್ನು ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತುಗೊಳಿಸದಂತೆ ಭದ್ರಪಡಿಸಿತು. 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 1976ರ ಆ ತೀರ್ಪು ರದ್ದಾಯಿತು.

ವೀರಯೋಧರ ನಾಡಾದ ಕೊಡಗಿಗೆ ಈ ವಿಚಾರ ದೂರದ್ದಲ್ಲ. 1965ರ ಯುದ್ಧದಲ್ಲಿ ಜನರಲ್ ಕೆ.ಎಂ. ಕಾರ್ಯಪ್ಪನವರ ಪುತ್ರ, ವಾಯುಪಡೆಯ ನಂದಾ ಕಾರ್ಯಪ್ಪ, ಪಾಕಿಸ್ತಾನದಲ್ಲಿ ಸೆರೆಯಾಳಾಗಿದ್ದರು. ಸಮರಕೈದಿಗೆ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಯುಂಟು. ಆದರೂ ಸೆರೆಮನೆಯ ಹೊರಗೆ ಕಾದು ಕುಳಿತ ಮನೆಯವರ ಕಳವಳ ಎಲ್ಲ ದೇಶಗಳಲ್ಲಿಯೂ ಒಂದೇ. ನಮ್ಮವರು ಪರರ ಸೆರೆಯಲ್ಲಿದ್ದಾಗ ನಾವು ಯಾವ ನ್ಯಾಯವನ್ನು ಬಯಸುವೆವೋ, ನಮ್ಮ ಸೆರೆಯಲ್ಲಿರುವ ಪರದೇಶಿಗೂ ಅದು ಸಲ್ಲಬೇಕು.