ಕಣ್ಣಿಗಿಂತ ಮುಂದೆ ಓಡುವ ಬೆರಳು

ಕೋಲಾರ ಸೀಮೆಯ ಜಾತ್ರೆಗಳಲ್ಲಿ ಹಲಗೆಯ ಮೇಲೆ ಬಣ್ಣದ ಬಲೂನುಗಳನ್ನು ಸಾಲಾಗಿ ಕಟ್ಟಿ, ಗಾಳಿಬಂದೂಕನ್ನು ಮುಂದಿಟ್ಟುಕೊಂಡು ಕೂಗಿ ಕರೆಯುವವನ ಸುತ್ತ ಹುಡುಗರು ಮುತ್ತದೆ ಇರುವುದಿಲ್ಲ. ಗುರಿ ತಪ್ಪಿದರೆ ಹೋಗುವುದು ಕೈಯ ಚಿಲ್ಲರೆ. ತಾಗಿದರೆ ದೊರೆಯುವುದು ನೆರೆದವರ ಮೆಚ್ಚುಗೆ. ಗುರಿಗಾರಿಕೆಯ ಮೇಲೆ ಮನುಷ್ಯನಿಗಿರುವ ಮೋಹ ಬಹು ಹಳೆಯದು. ಮತ್ಸ್ಯಯಂತ್ರವನ್ನು ಭೇದಿಸಿದ ಅರ್ಜುನನ ಕಥೆಯನ್ನು ಕೇಳುತ್ತ ಬೆಳೆದ ನಮ್ಮ ಜನಕ್ಕೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಬಿಲ್ಲುಗಾರನು ಒಂದು ಬಾಣವನ್ನು ಬಿಟ್ಟ ಮೇಲೆ ಇನ್ನೊಂದನ್ನು ಹೂಡಲೇಬೇಕು. ಜಾತ್ರೆಯ ಗಾಳಿಬಂದೂಕನ್ನೂ ಪ್ರತಿ ಸಲ ಬಗ್ಗಿಸಿ ತುಂಬಲೇಬೇಕು. ಆ ಎರಡರ ನಡುವೆ ಕಣ್ಣಿಗೂ ಬುದ್ಧಿಗೂ ಒಂದಿಷ್ಟು ಬಿಡುವು ದೊರೆಯುತ್ತದೆ. ಅರೆ-ಸ್ವಯಂಚಾಲಿತ ಪಿಸ್ತೂಲಿನಲ್ಲಿ ಆ ಬಿಡುವೇ ಇಲ್ಲ. ಅದನ್ನು ಹಿಡಿದು ಕ್ಷಣಾರ್ಧದಲ್ಲಿ ಐದಾರು ಗುಂಡುಗಳನ್ನು ಹಾರಿಸಿ ಚಮತ್ಕಾರ ಮೆರೆಯಹೊರಟವರ ಕಥೆಗಳಲ್ಲಿ ಕೆಲವು ಚಪ್ಪಾಳೆಯಲ್ಲಿ ಮುಗಿದಿವೆ. ಕೆಲವು ಸ್ಮಶಾನದಲ್ಲಿ ಮುಗಿದಿವೆ.

ಯಂತ್ರ ಮಾಡುವ ಉಪಕಾರ

ಈ ಪಿಸ್ತೂಲಿನ ಕೆಲಸವನ್ನು ತಿಳಿಯುವುದು ಕಷ್ಟವಲ್ಲ. ಟ್ರಿಗರನ್ನು ಒಮ್ಮೆ ಎಳೆದೊಡನೆ ಗುಂಡು ಹಾರುತ್ತದೆ. ಅದರ ಪ್ರತಿಬಲವೇ ಪಿಸ್ತೂಲಿನ ಮೇಲ್ಭಾಗವಾದ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಸುಟ್ಟ ತೋಟಾದ ಚಿಪ್ಪು ಹೊರಕ್ಕೆ ಸಿಡಿಯುತ್ತದೆ. ಸ್ಪ್ರಿಂಗಿನ ಬಲದಿಂದ ಸ್ಲೈಡು ಮುಂದಕ್ಕೆ ಮರಳುವಾಗ ಹಿಡಿಯೊಳಗಿನ ಮ್ಯಾಗಜಿನಿನಿಂದ ಹೊಸ ತೋಟಾವೊಂದನ್ನು ನಳಿಗೆಗೆ ನೂಕುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಪಿಸ್ತೂಲು ಮತ್ತೆ ಸಿದ್ಧ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ, 1911ರಲ್ಲಿ ಅಲ್ಲಿನ ಸೇನೆ ಸ್ವೀಕರಿಸಿದ ಪಿಸ್ತೂಲಿನ ಮ್ಯಾಗಜಿನು ಏಳು ತೋಟಾಗಳನ್ನು ಹಿಡಿಯುತ್ತಿತ್ತು. ಬ್ರೌನಿಂಗ್ ಮಾದರಿಯಲ್ಲೇ ಬಂಗಾಳದ ಇಷಾಪುರದ ಕಾರ್ಖಾನೆ ನಮ್ಮ ಸೇನೆಗಾಗಿ ತಯಾರಿಸಿದ 9 ಮಿ.ಮೀ. ಪಿಸ್ತೂಲು ಹದಿಮೂರನ್ನು ಹಿಡಿಯುತ್ತದೆ.

ರಿವಾಲ್ವರಿನಲ್ಲಿ ಬೆರಳು ಪ್ರತಿ ಗುಂಡಿಗೂ ಗಿರಣಿಯನ್ನು ತಿರುಗಿಸುವ ಭಾರವನ್ನು ಹೊರಬೇಕು. ಇಲ್ಲಿ ಆ ಶ್ರಮವನ್ನೆಲ್ಲ ಯಂತ್ರವೇ ವಹಿಸಿಕೊಳ್ಳುವುದರಿಂದ ಎರಡನೆಯ ಗುಂಡಿಗೆ ಬೇಕಾದದ್ದು ಬೆರಳಿನ ಹಗುರವಾದ ಒಂದು ಚಲನೆ ಮಾತ್ರ. ಉಪಕಾರವೂ ಇದೇ, ಅಪಾಯವೂ ಇದೇ.

ಐದನೆಯ ಒಂದು ಸೆಕೆಂಡು

ವೇಗದ ಗುಂಡುಗಾರಿಕೆಯಲ್ಲಿ ಹೆಸರಾದ ಎಡ್ ಮೆಕ್‌ಗಿವರ್ನ್ ಎಂಬ ಅಮೆರಿಕನ್ನನು 1932ರಲ್ಲಿ ಐದು ಗುಂಡುಗಳನ್ನು 0.45 ಸೆಕೆಂಡಿನಲ್ಲಿ ಹಾರಿಸಿದನು. 1999ರಲ್ಲಿ ಜೆರಿ ಮಿಕ್ಯುಲೆಕ್ ಎಂಬಾತನು ಒಂದೇ ಸೆಕೆಂಡಿನಲ್ಲಿ ಎಂಟು ಗುಂಡುಗಳನ್ನು ಹಾರಿಸಿದನು. ಇಬ್ಬರ ಕೈಯಲ್ಲೂ ಇದ್ದದ್ದು ರಿವಾಲ್ವರು. ಇಬ್ಬರ ಹಿಂದೆಯೂ ಇದ್ದದ್ದು ವರ್ಷಗಟ್ಟಲೆಯ ಸಾಧನೆ.

ಈಗ ಒಂದು ಲೆಕ್ಕವನ್ನು ನೋಡಬೇಕು. ಕಣ್ಣೆದುರು ಏನೋ ಬದಲಾಯಿತೆಂದು ಕಂಡು, ಅದಕ್ಕೆ ತಕ್ಕಂತೆ ಬೆರಳು ಚಲಿಸಲು ಆರೋಗ್ಯವಂತನಾದ ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಮೆಕ್‌ಗಿವರ್ನನ ಎರಡು ಗುಂಡುಗಳ ನಡುವಣ ಅಂತರ ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಎಂದರೆ, ಅಂಥ ವೇಗದಲ್ಲಿ ಹಾರಿಸುತ್ತಿರುವಾಗ ಗುರಿಯ ಮುಂದೆ ಮಗುವೊಂದು ಓಡಿಬಂದರೆ, ಗುಂಡುಗಾರನು ಅದನ್ನು ಕಂಡು ಬೆರಳನ್ನು ತಡೆಯುವ ಮೊದಲೇ ಇನ್ನೊಂದು ಗುಂಡಾದರೂ ಹೊರಟುಹೋಗಿರುತ್ತದೆ. ಇದು ಅಭ್ಯಾಸದಿಂದ ನೀಗುವ ದೋಷವಲ್ಲ. ಅಭ್ಯಾಸ ಬೆರಳನ್ನು ಚುರುಕುಗೊಳಿಸಬಲ್ಲದು. ಕಂಡದ್ದನ್ನು ಅರಿಯಲು ಬೇಕಾದ ಕಾಲವನ್ನು ಇಲ್ಲವಾಗಿಸಲಾರದು.

ಬರಿದೆಂದು ನಂಬಿದವರು

1951ರ ಸೆಪ್ಟೆಂಬರ್ 6ರಂದು ಮೆಕ್ಸಿಕೋ ನಗರದ ಮನೆಯೊಂದರಲ್ಲಿ ಪಾನಗೋಷ್ಠಿ ನಡೆದಿತ್ತು. ಅಮೆರಿಕದ ಲೇಖಕ ವಿಲಿಯಂ ಬರೋಸ್ ತನ್ನ ಪತ್ನಿ ಜೋನ್ ವೋಲ್ಮರಳ ತಲೆಯ ಮೇಲೆ ಗಾಜಿನ ಲೋಟವನ್ನಿರಿಸಿ, ಅರೆ-ಸ್ವಯಂಚಾಲಿತ ಪಿಸ್ತೂಲಿನಿಂದ ಅದನ್ನು ಹೊಡೆದುರುಳಿಸುವೆನೆಂದು ಹೊರಟನು. ಗುಂಡು ಆಕೆಯ ಹಣೆಯನ್ನು ಹೊಕ್ಕಿತು. ಆಕೆಗೆ ಆಗ ಇಪ್ಪತ್ತೆಂಟು ವರ್ಷ. ಬರೋಸ್ ಮೊದಲು ಹೇಳಿದ್ದನ್ನು ಬಳಿಕ ಬದಲಿಸಿದನು, ಸತ್ತವಳು ಮರಳಲಿಲ್ಲ.

1978ರ ಜನವರಿ 23ರಂದು ಅಮೆರಿಕದ ಗಿಟಾರ್ ವಾದಕ ಟೆರಿ ಕ್ಯಾತ್ ಗೆಳೆಯನೊಬ್ಬನ ಮನೆಯಲ್ಲಿ 9 ಮಿ.ಮೀ. ಪಿಸ್ತೂಲಿನೊಡನೆ ಆಡುತ್ತಿದ್ದನು. ಹೆದರಿದ ಗೆಳೆಯನಿಗೆ ಬರಿದಾದ ಮ್ಯಾಗಜಿನನ್ನು ತೋರಿಸಿ ಧೈರ್ಯ ಹೇಳಿದನು. ನಳಿಗೆಯಲ್ಲಿ ಒಂದು ತೋಟಾ ಉಳಿದಿತ್ತು. ಅದೇ ಅವನ ಪ್ರಾಣವನ್ನು ತೆಗೆದುಕೊಂಡಿತು. ಮ್ಯಾಗಜಿನು ಹೊರಬಂದ ಮಾತ್ರಕ್ಕೆ ಪಿಸ್ತೂಲು ಬರಿದಾಗುವುದಿಲ್ಲವೆಂಬ ಈ ಒಂದು ಸಂಗತಿಯನ್ನು ಮರೆತವರು ಇವನೊಬ್ಬನೇ ಅಲ್ಲ.

ಇನ್ನೊಂದು ಗಂಡಾಂತರವುಂಟು. ಮದ್ದು ಸರಿಯಾಗಿ ಉರಿಯದಿದ್ದರೆ ಗುಂಡು ಹೊರಬರದೆ ನಳಿಗೆಯ ನಡುವೆಯೇ ಸಿಕ್ಕಿಕೊಳ್ಳಬಹುದು. ನಿಧಾನವಾಗಿ ಹಾರಿಸುವವನಿಗೆ ಸದ್ದು ಕುಗ್ಗಿದ್ದು ಕೇಳಿಸುತ್ತದೆ, ಅವನು ನಿಲ್ಲುತ್ತಾನೆ. ಅವಸರದವನ ಬೆರಳು ಮುಂದಿನ ಗುಂಡನ್ನು ಅದರ ಹಿಂದೆಯೇ ಅಟ್ಟಿದರೆ ನಳಿಗೆಯೇ ಸಿಡಿದು ಕೈ ಛಿದ್ರವಾಗಬಹುದು. 1993ರ ಮಾರ್ಚ್ 31ರಂದು ನಟ ಬ್ರಾಂಡನ್ ಲೀ ಚಿತ್ರೀಕರಣದಲ್ಲಿ ಗುಂಡು ತಗುಲಿ ಸತ್ತದ್ದಕ್ಕೂ ರಿವಾಲ್ವರಿನ ನಳಿಗೆಯಲ್ಲಿ ಹೀಗೆ ಸಿಕ್ಕಿಕೊಂಡು ಉಳಿದಿದ್ದ ಗುಂಡೇ ಕಾರಣ. ಹಿಂದಿನಿಂದ ಬರಿಯ ಮದ್ದಿನ ತೋಟಾ ಸಿಡಿದಾಗ ಅದು ಅವನತ್ತ ಹಾರಿತು.

ಬೆಟ್ಟವೂ ಗೋಡೆಯಲ್ಲ

ಊರ ಹೊರಗೆ, ಬಂಡೆಗಳ ಮರೆಯಲ್ಲಿ ಹಾರಿಸಿದರೆ ಯಾರಿಗೇನು ಕೇಡೆಂದು ಕೇಳುವವರಿದ್ದಾರೆ. ವಕ್ಕಲೇರಿಯ ಮಾರ್ಕಂಡೇಶ್ವರ ಬೆಟ್ಟವನ್ನು ಕಂಡವರಿಗೆ ಕೋಲಾರ ಸೀಮೆಯ ಕಗ್ಗಲ್ಲಿನ ಗುಣ ತಿಳಿದಿದೆ. ಗುಂಡನ್ನು ನುಂಗುವುದು ಮೆತ್ತನೆಯ ಮಣ್ಣಿನ ಎತ್ತರವಾದ ದಿಬ್ಬವೇ ಹೊರತು ಇಂಥ ಬಂಡೆಯಲ್ಲ. ಓರೆಯಾಗಿ ತಾಗಿದ ಗುಂಡು ಬಂಡೆಯಿಂದ ಜಾರಿ, ಯಾರೂ ಊಹಿಸದ ದಿಕ್ಕಿಗೆ ಚಿಮ್ಮುತ್ತದೆ.

ಇದಕ್ಕೆ ವೇಗವೂ ಸೇರಿದರೆ ಕೇಡು ಇಮ್ಮಡಿ. ಪ್ರತಿ ಗುಂಡಿನ ಪ್ರತಿಬಲಕ್ಕೂ ಪಿಸ್ತೂಲಿನ ಮೂತಿ ಮೇಲಕ್ಕೆ ನೆಗೆಯುತ್ತದೆ. ಅದು ಕೆಳಗಿಳಿಯುವ ಮೊದಲೇ ಮತ್ತೆ ಟ್ರಿಗರನ್ನು ಎಳೆದರೆ, ಐದು ಡಿಗ್ರಿಯಷ್ಟು ಏರಿದ ಮೂತಿಯಿಂದ ಹೊರಟ ಗುಂಡು 25 ಮೀಟರು ದೂರದಲ್ಲಿ ಗುರಿಗಿಂತ ಎರಡು ಮೀಟರಿಗೂ ಮೇಲೆ ಹಾದುಹೋಗುತ್ತದೆ. ಆಮೇಲೆ ಅದನ್ನು ತಡೆಯುವವರಾರು? ಅತಿ ಚಿಕ್ಕದೆನಿಸಿದ .22 ಅಳತೆಯ ಗುಂಡೂ ಒಂದೂವರೆ ಮೈಲಿಯವರೆಗೆ ಹೋಗಬಲ್ಲದೆಂಬ ಎಚ್ಚರಿಕೆಯನ್ನು ತೋಟಾದ ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಬೆಟ್ಟದ ಆಚೆಗೆ ಹಿಪ್ಪುನೇರಳೆಯ ಸೊಪ್ಪು ಕೊಯ್ಯುವವರು, ಟೊಮೇಟೊ ಬಿಡಿಸುವವರು, ಕುರಿ ಕಾಯುವವರು ಇರುತ್ತಾರೆ. ಹಳ್ಳಿಗಾಡಿನ ಬಯಲು ಬರಿದಾಗಿ ಕಂಡರೂ ಬರಿದಾಗಿರುವುದಿಲ್ಲ.

ಕಟ್ಟುಪಾಡಿನೊಳಗಿನ ವೇಗ

ಹಾಗಾದರೆ ವೇಗವೇ ನಿಷಿದ್ಧವೆ? ಅಲ್ಲ. ಒಲಿಂಪಿಕ್ ಕ್ರೀಡೆಗಳಲ್ಲಿ 25 ಮೀಟರು ದೂರದ ಐದು ಗುರಿಗಳಿಗೆ ಎಂಟು, ಆರು, ಕೊನೆಗೆ ನಾಲ್ಕು ಸೆಕೆಂಡುಗಳಲ್ಲಿ ಐದು ಗುಂಡುಗಳನ್ನು ಹಾರಿಸುವ ಸ್ಪರ್ಧೆಯೇ ಇದೆ. ಹಂಗೇರಿಯ ಸೈನಿಕ ಕಾರೊಯ್ ಟಾಕಾಚ್‌ನ ಬಲಗೈ 1938ರಲ್ಲಿ ಕೈಬಾಂಬು ಸಿಡಿದು ನಾಶವಾಯಿತು. ಅವನು ಎಡಗೈಯನ್ನು ಪಳಗಿಸಿಕೊಂಡು 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಕ್ರೀಡೆಗಳೆರಡರಲ್ಲೂ ಈ ಸ್ಪರ್ಧೆಯ ಚಿನ್ನವನ್ನು ಗೆದ್ದನು. 2012ರಲ್ಲಿ ಲಂಡನ್ನಿನಲ್ಲಿಯೇ ನಮ್ಮ ಸೇನೆಯ ವಿಜಯ್ ಕುಮಾರ್ ಇದರಲ್ಲಿ ಬೆಳ್ಳಿಯ ಪದಕವನ್ನು ತಂದರು. ಅಲ್ಲಿ ಗುಂಡಿನ ಹಾದಿಯಲ್ಲಿ ಯಾರೂ ಇರುವುದಿಲ್ಲ. ಆಜ್ಞೆಯಾಗುವವರೆಗೆ ತೋಟಾ ತುಂಬುವಂತಿಲ್ಲ. ಸ್ಪರ್ಧೆ ಮುಗಿದೊಡನೆ ನಳಿಗೆ ಬರಿದೆಂಬುದನ್ನು ಅಧಿಕಾರಿ ಕಣ್ಣಾರೆ ನೋಡಬೇಕು. ಗುಂಡುಗಾರನ ಕಣ್ಣು ನೋಡಲಾರದ್ದನ್ನು ಆ ಕಟ್ಟುಪಾಡು ಮುಂಚಿತವಾಗಿಯೇ ನೋಡಿರುತ್ತದೆ.

ಮದುವೆಯ ಮನೆಯಲ್ಲಿ, ಉತ್ಸವದ ಮೆರವಣಿಗೆಯಲ್ಲಿ ಇಂಥ ಕಾವಲೊಂದೂ ಇಲ್ಲ. ಅದನ್ನರಿತೇ 2019ರ ತಿದ್ದುಪಡಿಯ ಮೂಲಕ ನಮ್ಮ ಶಸ್ತ್ರಾಸ್ತ್ರ ಕಾಯಿದೆಯು ಸಂಭ್ರಮಕ್ಕಾಗಿ ಗುಂಡು ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತರುವುದನ್ನು ಅಪರಾಧವೆಂದು ಸಾರಿ, ಎರಡು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಿದೆ.

ಪರವಾನಗಿಯ ಪಿಸ್ತೂಲು ಮನೆಯಲ್ಲಿದ್ದವರು ಮಕ್ಕಳಿಗೂ ನಂಟರಿಗೂ ತೋರಿಸಬೇಕಾದ ಚಮತ್ಕಾರವೊಂದಿದ್ದರೆ ಅದು ಇಷ್ಟೆ: ಮೂತಿಯನ್ನು ಯಾರತ್ತಲೂ ತಿರುಗಿಸದೆ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಮೊದಲು ಮ್ಯಾಗಜಿನನ್ನು ತೆಗೆದು, ಬಳಿಕ ಸ್ಲೈಡನ್ನು ಹಿಂದಕ್ಕೆಳೆದು, ನಳಿಗೆಯೊಳಗೆ ಕಣ್ಣಿಟ್ಟು ನೋಡಿ, ಮತ್ತೊಮ್ಮೆ ನೋಡಿ, ಬೀಗ ಹಾಕಿ ಒಳಗಿಡುವುದು. ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತಟ್ಟದಿದ್ದರೂ ಚಿಂತೆಯಿಲ್ಲ, ನೋಡಲು ಬಂದವರೆಲ್ಲರೂ ಸುಖವಾಗಿ ಮನೆಗೆ ಮರಳುತ್ತಾರೆ.