ಒಡವೆಗೆ ಬೆಲೆ ಕಟ್ಟುವವರು

ಹಾಸನದಿಂದ ಬೆಂಗಳೂರಿನ ಕಡೆಗೆ ಸುಮಾರು ಮೂರು ಹರದಾರಿ ಬಂದರೆ ಶಾಂತಿಗ್ರಾಮವೆಂಬ ಊರು ಸಿಕ್ಕುವುದು. ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲೆಯಿಂದ ಆ ಊರಿಗೆ ಈ ಹೆಸರಾಯಿತೆಂದು ಅಲ್ಲಿಯ ಜನರು ಹೇಳುವರು. ಹೊಯ್ಸಳರ ಕಾಲದ ನರಸಿಂಹ ದೇವಾಲಯವೊಂದು ಇಂದಿಗೂ ಅಲ್ಲಿದೆ. ಬೇಲೂರಿನ ಮದನಿಕೆಯರ ಮೈಮೇಲೆ ಶಿಲ್ಪಿಗಳು ಬಿಡಿಸಿರುವ ಹಾರ, ತೋಳಬಂದಿ, ಡಾಬು, ಕಾಲ್ಗಡಗಗಳನ್ನು ಕಂಡವರಿಗೆ ಆ ರಾಣಿಯ ಭಂಡಾರದಲ್ಲಿ ಏನೇನಿದ್ದಿತೋ ಎಂಬ ಕುತೂಹಲ ಹುಟ್ಟುವುದು ಸಹಜ. ಆದರೆ ಈ ದಿನ ನಾವು ಹೇಳಹೊರಟಿರುವುದು ರಾಣಿಯ ಒಡವೆಯ ವಿಷಯವನ್ನಲ್ಲ. ಮೇ ತಿಂಗಳಿನಲ್ಲಿ, ಮುಂಗಾರಿಗೆ ಮುಂಚೆ, ಬಿತ್ತನೆಯ ಆಲೂಗೆಡ್ಡೆ ಕೊಳ್ಳಲು ಹಣ ಸಾಲದೆ ಆ ಸೀಮೆಯ ಹೆಂಗಸರು ಸೆರಗಿನಲ್ಲಿ ಗಂಟುಕಟ್ಟಿ ಬ್ಯಾಂಕಿಗೆ ತರುವ ಒಡವೆಯ ವಿಷಯವನ್ನು. ಅದನ್ನು ಕೈಗೆತ್ತಿಕೊಂಡು ‘ಇದು ಇಷ್ಟು’ ಎಂದು ಹೇಳಿ, ಆ ಮಾತಿನಿಂದಲೇ ಜೀವನಮಾಡುವ ಮನುಷ್ಯನ ವಿಷಯವನ್ನು.

ಈತನನ್ನು ನಮ್ಮ ಹಿರಿಯರು ಚಿನಿವಾರನೆಂದು ಕರೆಯುತ್ತಿದ್ದರು. ಒಡವೆ ಮಾಡುವವನು ಅಕ್ಕಸಾಲಿಗ; ಚಿನ್ನವನ್ನೂ ನಾಣ್ಯವನ್ನೂ ಪರೀಕ್ಷಿಸಿ ಬೆಲೆ ಹೇಳುವವನು ಚಿನಿವಾರ. ಒಬ್ಬನೇ ಎರಡು ಕೆಲಸವನ್ನೂ ಮಾಡುವುದುಂಟು. ಆದರೆ ಕೆಲಸಗಳು ಬೇರೆಬೇರೆ. ಇದು ನಿನ್ನೆ ಮೊನ್ನೆ ಹುಟ್ಟಿದ ಉದ್ಯೋಗವೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನದ ಹದಿನಾರು ಬಣ್ಣಗಳ ವಿಚಾರವೂ, ಒರೆಗಲ್ಲಿನ ಗುಣದೋಷಗಳೂ, ಒರೆಹಚ್ಚುವಾಗ ಮಾಡಬಹುದಾದ ಮೋಸಗಳೂ ಹೇಳಲ್ಪಟ್ಟಿವೆ. ‘ತಲಕಾಡುಗೊಂಡ’ನೆಂಬ ಬಿರುದನ್ನು ಅಚ್ಚೊತ್ತಿಸಿ ವಿಷ್ಣುವರ್ಧನನು ಹೊರಡಿಸಿದ ಚಿನ್ನದ ಗದ್ಯಾಣವು ಈಗಿನ ಲೆಕ್ಕದಲ್ಲಿ ಸುಮಾರು 4 ಗ್ರಾಂ ತೂಗುವುದು. ಅದು ಸಂತೆಯಲ್ಲಿ ಕೈಯಿಂದ ಕೈಗೆ ಹೋಗಬೇಕಾದರೆ ರಾಜನ ಬಿರುದಿನ ಜೊತೆಗೆ ಚಿನಿವಾರನ ಕಣ್ಣೂ ಬೇಕಾಗಿದ್ದಿತೆಂದು ಊಹಿಸುವುದು ಕಷ್ಟವಲ್ಲ.

ಈತನ ಕೆಲಸದ ಕ್ರಮವನ್ನು ತಿಳಿಯುವುದಕ್ಕೆ ನಮ್ಮ ಮನೆಯ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಮ್ಮ ಅಣ್ಣನವರು ಶಾಂತಿಗ್ರಾಮದ ಹೋಬಳಿಯಲ್ಲಿ ಒಕ್ಕಲುತನ ಮಾಡುವವರು. ಒಂದು ವರ್ಷ ಬೀಜಕ್ಕೆ ಹಣ ಒದಗದೆ ಹೋದಾಗ ನಮ್ಮ ತಾಯಿಯವರು ತಮ್ಮ ಕೆಂಪಿನ ಅಡ್ಡಿಕೆಯನ್ನು ತೆಗೆದುಕೊಟ್ಟರು. ಅದು ಅವರ ಅತ್ತೆಯಿಂದ ಬಂದುದು. ಅಪರಂಜಿ ಚಿನ್ನವೆಂದು ಮನೆಯಲ್ಲೆಲ್ಲ ಹೆಸರಾಗಿದ್ದುದು. ಬ್ಯಾಂಕಿನ ಮೂಲೆಯ ಮೇಜಿನಲ್ಲಿ ಕುಳಿತಿದ್ದ ಹಿರಿಯ ಚಿನಿವಾರರು ಅದನ್ನು ತಕ್ಕಡಿಗೆ ಹಾಕಿದರು. 42 ಗ್ರಾಂ ಬಂದಿತು. ತಾಯಿಯವರ ಮುಖ ಅರಳಿತು. ಅನಂತರ ಅವರು ಅಡ್ಡಿಕೆಯನ್ನು ತಿರುವಿ, ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ, ‘ಅರಗೂ ಕಲ್ಲೂ ಸೇರಿ 6 ಗ್ರಾಂ ಬಿಡಬೇಕು’ ಎಂದರು. ಹಳೆಯ ಕಾಲದ ಟೊಳ್ಳು ಒಡವೆಗಳಿಗೆ ಒಳಗೆ ಅರಗು ತುಂಬುವುದು ವಾಡಿಕೆ. ಹೊರಗಿನ ತೆಳುರೇಕು ತಗ್ಗಾಗದಂತೆ ಅದು ಆಧಾರವಾಗಿರುವುದು. ಆದರೆ ತಕ್ಕಡಿಗೆ ಅರಗೂ ಒಂದೇ, ಬಂಗಾರವೂ ಒಂದೇ.

ಉಳಿದುದು 36 ಗ್ರಾಂ. ಇನ್ನು ಒರೆಯ ಸರದಿ. ಒರೆಗಲ್ಲೆಂಬುದು ನುಣುಪಾದ, ಗಟ್ಟಿಯಾದ ಕರಿಯ ಕಲ್ಲು, ಆಮ್ಲಗಳಿಗೆ ಕರಗದುದು. ಒಡವೆಯನ್ನು ಅದರ ಮೇಲೆ ಒಮ್ಮೆ ಎಳೆದರೆ ಬಂಗಾರದ ಗೆರೆ ನಿಲ್ಲುವುದು. ಪಕ್ಕದಲ್ಲಿಯೇ, ಗುಣ ಗೊತ್ತಿರುವ ಚಿನ್ನದ ಕಡ್ಡಿಗಳಿಂದ ಬೇರೆ ಗೆರೆಗಳನ್ನು ಎಳೆಯುವರು. ಎಲ್ಲದರ ಮೇಲೂ ಆಮ್ಲದ ಒಂದು ತೊಟ್ಟು. ಹಿತ್ತಾಳೆಯ ಗೆರೆಯಾದರೆ ನೈಟ್ರಿಕ್ ಆಮ್ಲದಲ್ಲಿ ಕರಗಿ ಮಾಯವಾಗುವುದು. ಒಳ್ಳೆಯ ಚಿನ್ನದ ಗೆರೆ ಅಲುಗದೆ ನಿಲ್ಲುವುದು. ನಡುವಣ ಮಿಶ್ರಣಗಳು ಎಷ್ಟೆಷ್ಟು ಮಾಸುವುವೆಂಬುದನ್ನು ಕಡ್ಡಿಗಳ ಗೆರೆಗಳೊಡನೆ ಹೋಲಿಸಿ ನಿರ್ಣಯಿಸಬೇಕು. ನುರಿತ ಕಣ್ಣಿಗೆ ನೂರಕ್ಕೆ ಒಂದೆರಡು ಭಾಗದ ವ್ಯತ್ಯಾಸವೂ ಕಾಣುವುದು. ನಮ್ಮ ಅಡ್ಡಿಕೆಯ ಗೆರೆ 20 ಕ್ಯಾರೆಟ್ಟಿನ ಕಡ್ಡಿಗೆ ಹೊಂದಿಕೊಂಡಿತು.

ಕ್ಯಾರೆಟ್ ಎಂದರೆ ಇಪ್ಪತ್ತುನಾಲ್ಕರಲ್ಲಿ ಒಂದು ಪಾಲು. 24 ಕ್ಯಾರೆಟ್ ಎಂದರೆ ಅಪ್ಪಟ ಚಿನ್ನ. 22 ಎಂದರೆ ಸಾವಿರಕ್ಕೆ 916 ಪಾಲು. ಹೀಗಾಗಿ 36 ಗ್ರಾಂನಲ್ಲಿ 20 ಕ್ಯಾರೆಟ್ಟಿನ ಲೆಕ್ಕಕ್ಕೆ ಇರುವ ಅಪ್ಪಟ ಚಿನ್ನ 30 ಗ್ರಾಂ. ನಲವತ್ತೆರಡು ಮೂವತ್ತಾದುದನ್ನು ಕೇಳಿ ನಮ್ಮ ತಾಯಿಯವರು ಮಾತನಾಡಲಿಲ್ಲ. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆ ಅವರ ಮನಸ್ಸಿನಲ್ಲಿ ಸುಳಿಯಿತೆಂದು ತೋರುತ್ತದೆ. ಚಿನಿವಾರರು ಅದನ್ನು ತಿಳಿದವರಂತೆ, ‘ಮೋಸವೆನ್ನಬೇಡಿ, ತಾಯಿ. ಇದು ಮೂರು ಸಲ ಬೆಸುಗೆ ಕಂಡಿದೆ’ ಎಂದರು. ಬೆಸೆಯುವ ಚಿನ್ನವು ಒಡವೆಗಿಂತ ಬೇಗ ಕರಗಬೇಕು. ಅದಕ್ಕೋಸ್ಕರ ಅದರಲ್ಲಿ ಬೇರೆ ಲೋಹ ಹೆಚ್ಚಾಗಿರುವುದು. ಒಂದೊಂದು ದುರಸ್ತಿಯೂ ಒಡವೆಯ ಗುಣವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುವುದು. ತಲೆಮಾರುಗಳ ಉಪಯೋಗವೇ ಇಲ್ಲಿ ಚಿನ್ನವನ್ನು ಸವೆಸಿದ್ದಿತು. ಯಾರೋ ಒಬ್ಬನ ಕಳ್ಳತನವೆಂದು ಹೇಳಲು ಆಧಾರವಿರಲಿಲ್ಲ.

ಈಗ ಆ ಚಿನಿವಾರರ ಸ್ಥಾನದಲ್ಲಿ ನಾವು ಕುಳಿತಿರುವೆವೆಂದು ಭಾವಿಸೋಣ. 20 ಕ್ಯಾರೆಟ್ಟನ್ನು ಅಂಜಿಕೆಯಿಂದ 18 ಎಂದರೆ ಅಪ್ಪಟ ಚಿನ್ನ 27 ಗ್ರಾಂ ಆಗುವುದು. ರೈತನಿಗೆ 3 ಗ್ರಾಂ ನಷ್ಟ. ದಾಕ್ಷಿಣ್ಯದಿಂದ 22 ಎಂದರೆ 33 ಗ್ರಾಂ. ಬ್ಯಾಂಕಿಗೆ ಇಲ್ಲದ 3 ಗ್ರಾಂನ ಮೇಲೆ ಸಾಲ. ಅನೇಕ ಬ್ಯಾಂಕುಗಳಲ್ಲಿ ಈತನು ಸಂಬಳದ ನೌಕರನಲ್ಲ. ಸಾಲವೊಂದಕ್ಕೆ ಇಷ್ಟೆಂದು ಶುಲ್ಕ. ಅದನ್ನು ತೆರುವವನು ಸಾಮಾನ್ಯವಾಗಿ ಸಾಲಗಾರನೇ. ಒಡವೆಯನ್ನು ನಿರಾಕರಿಸಿದರೆ ಸಾಲವಿಲ್ಲ, ಸಾಲವಿಲ್ಲದಿದ್ದರೆ ಶುಲ್ಕವೂ ಇಲ್ಲ. ಇತ್ತ, ತಾನು ಒಪ್ಪಿದ ಒಡವೆ ಮುಂದೆ ನಕಲಿಯೆಂದು ಗೊತ್ತಾದರೆ ಹೊಣೆ ಅವನದು. ಹೊಟ್ಟೆಪಾಡು ‘ಆಗಲಿ’ ಎನ್ನು ಎನ್ನುವುದು. ಭಯ ‘ಬೇಡ’ ಎನ್ನು ಎನ್ನುವುದು. ಈ ಎರಡರ ನಡುವೆ ದಿನಕ್ಕೆ ಹತ್ತಾರು ಸಲ ಸರಿಯಾದ ಅಂಕಿಯನ್ನು ಹೇಳುತ್ತಿರಬೇಕು. ನಗರವಾಸಿಗಳಾದ ನಾವು ಇದನ್ನು ಸುಲಭದ ಕೆಲಸವೆಂದು ತಿಳಿದಿದ್ದರೆ ಅದು ತಪ್ಪು.

ಯಂತ್ರಗಳು ಬಂದಿಲ್ಲವೆ ಎಂದು ಕೇಳಬಹುದು. ಬಂದಿವೆ. ನೀರಿನಲ್ಲಿ ತೂಗುವ ಆರ್ಕಿಮಿಡೀಸನ ಉಪಾಯ ಬಹಳ ಹಳೆಯದು. ಅಪ್ಪಟ ಚಿನ್ನ ನೀರಿಗಿಂತ 19.3 ಪಟ್ಟು ಭಾರವಾದುದರಿಂದ ಕಲಬೆರಕೆ ಬಯಲಾಗುವುದು. ಆದರೆ ಅರಗು ತುಂಬಿದ ಒಡವೆಯಲ್ಲಿ ಈ ಲೆಕ್ಕ ಕೆಡುವುದು. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆಯಂತೂ ಹೆಚ್ಚುಕಡಿಮೆ ಚಿನ್ನದ್ದೇ ಆದುದರಿಂದ ಮೋಸಗಾರರು ಅದನ್ನು ಒಳಗೆ ಅಡಗಿಸುವುದುಂಟು. ಎಕ್ಸ್-ಕಿರಣದ ಯಂತ್ರವು ಗಳಿಗೆಯಲ್ಲಿ ಲೋಹಗಳ ಪ್ರಮಾಣವನ್ನು ತೋರಿಸುವುದು. ಆದರೆ ಅದು ನೋಡುವುದು ಮೇಲ್ಮೈಯನ್ನು. ದಪ್ಪನಾದ ಮುಲಾಮು ಅದನ್ನೂ ಏಮಾರಿಸಬಲ್ಲುದು. ಸೀಸದೊಡನೆ ಕರಗಿಸಿ ಪುಟವಿಟ್ಟು ನೋಡುವ ಅಗ್ನಿಪರೀಕ್ಷೆ ಎಲ್ಲಕ್ಕಿಂತ ನಿಖರವಾದುದು. ಆದರೆ ಅದಕ್ಕೆ ಒಡವೆಯ ಚೂರೊಂದನ್ನು ಕತ್ತರಿಸಿಕೊಡಬೇಕು. ಹೊಸ ಒಡವೆಗಳ ಮಟ್ಟಿಗೆ ಹಾಲ್‌ಮಾರ್ಕ್ ಮುದ್ರೆ ಈ ತೊಡಕನ್ನು ಬಹಳ ಕಡಿಮೆಮಾಡಿದೆ. 2021ರ ಜೂನ್ 16ರಿಂದ ಅದನ್ನು ಹಂತಹಂತವಾಗಿ ಕಡ್ಡಾಯಮಾಡಿದರು. ಒಂದೊಂದು ಒಡವೆಗೂ ಆರು ಅಕ್ಷರಾಂಕಗಳ ಗುರುತು ಇರುವುದು. ಆದರೆ ಅಜ್ಜಿಯ ಕಾಲದ ಅಡ್ಡಿಕೆಗೆ ಮುದ್ರೆಯನ್ನು ಎಲ್ಲಿಂದ ತರೋಣ? ಅಲ್ಲಿ ಕಲ್ಲೂ ಕಣ್ಣೂ ಇಂದಿಗೂ ಬೇಕು.

ಇಷ್ಟಾದ ಮೇಲೂ, 30 ಗ್ರಾಂ ಎಂಬುದು ಅಡ್ಡಿಕೆಯ ಬೆಲೆಯಲ್ಲ. ನಮ್ಮಲ್ಲಿ ಅನೇಕರು ತಪ್ಪುವುದು ಇಲ್ಲಿಯೇ. ಒಂದೇ ಒಡವೆಗೆ ಪ್ರಾಮಾಣಿಕವಾದ ಬೆಲೆಗಳು ಹಲವು ಇರಬಹುದು. ಅಡವಿಗೆ ಲೋಹ ಮಾತ್ರ ಲೆಕ್ಕಕ್ಕೆ ಬರುವುದು. ಕಲ್ಲಿಗೂ ಕುಸುರಿಗೂ ಬೆಲೆಯಿಲ್ಲ. ರಿಸರ್ವ್ ಬ್ಯಾಂಕು 2025ರ ಜೂನ್ ತಿಂಗಳಲ್ಲಿ ಹೊರಡಿಸಿದ ನಿರ್ದೇಶದಂತೆ, ಆ ಲೋಹದ ಬೆಲೆಯಲ್ಲಿಯೂ ಎರಡೂವರೆ ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ನೂರಕ್ಕೆ 85ರಷ್ಟು, ಐದು ಲಕ್ಷದವರೆಗೆ 80ರಷ್ಟು, ಅದಕ್ಕೆ ಮೇಲ್ಪಟ್ಟರೆ 75ರಷ್ಟು ಮಾತ್ರ ಕೊಡಬಹುದು. ಒರೆಹಚ್ಚುವಾಗ ಸಾಲಗಾರನು ಎದುರಿಗಿರಬೇಕೆಂಬುದೂ ಅದರಲ್ಲಿ ಸೇರಿದೆ. ಮಾರುವಾಗಲಾದರೆ ಕರಗಿಸುವ ಸವೆತವನ್ನು ಕಳೆಯುವರು. ವಿಮೆಗೆ ಬೇಕಾದುದು ಅಂತಹುದೇ ಇನ್ನೊಂದನ್ನು ಮಾಡಿಸಲು ತಗಲುವ ವೆಚ್ಚ. ಅಲ್ಲಿ ಕಲ್ಲೂ ಕೂಲಿಯೂ ಸೇರುವುವು. ತೆರಿಗೆಯವರು ಕೆಲವು ವೇಳೆ ಕೇಳುವುದು ಇಂದಿನ ಬೆಲೆಯನ್ನಲ್ಲ, 2001ನೆಯ ಇಸವಿ ಏಪ್ರಿಲ್ 1ರಂದು ಇದ್ದ ಬೆಲೆಯನ್ನು. ಒಳ್ಳೆಯ ಚಿನಿವಾರನು ‘ಎಷ್ಟು?’ ಎಂಬ ಪ್ರಶ್ನೆಗೆ ಮೊದಲು ಕೊಡುವ ಉತ್ತರ ‘ಏತಕ್ಕೆ?’ ಎಂಬುದು.

ಪಟ್ಟಣಗಳಲ್ಲಿ ಈ ಉದ್ಯೋಗದವರ ಮುಂದೆ ಈಗ ಒಡವೆಗಳ ಜೊತೆಗೆ ಕೈಗಡಿಯಾರಗಳೂ ಬರುತ್ತಿವೆ. ಗಡಿಯಾರದಲ್ಲಿ ನ್ಯಾಯವೇ ಬೇರೆ. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಾಯದಿಂದ 1961ರಲ್ಲಿ ಗಡಿಯಾರ ಮಾಡತೊಡಗಿತು. ನಮ್ಮ ತಂದೆಯವರ ಪೀಳಿಗೆಯ ಉಪಾಧ್ಯಾಯರ, ಗುಮಾಸ್ತರ ಕೈಯಲ್ಲೆಲ್ಲ ಅದೇ ಇದ್ದಿತು. ಆ ಉತ್ಪಾದನೆ ನಿಂತುಹೋದ ಮೇಲೆ ಹಳೆಯ ಎಚ್.ಎಂ.ಟಿ.ಗಳನ್ನು ಹುಡುಕಿ ಕೊಳ್ಳುವವರು ಹುಟ್ಟಿಕೊಂಡಿರುವರು. ಅದರಲ್ಲಿ ಕರಗಿಸತಕ್ಕ ಲೋಹವೇನೂ ಇಲ್ಲ. ಬೆಲೆಗಾರನು ಹಿಂಬದಿಯ ಮುಚ್ಚಳವನ್ನು ತೆಗೆದು, ಒಳಗಿನ ಯಂತ್ರ ಮೂಲದ್ದೇ ಅಲ್ಲವೆ, ಮುಖಫಲಕಕ್ಕೆ ಮರುಬಣ್ಣ ಬಳಿದಿದೆಯೆ, ಮುಳ್ಳುಗಳು ಬದಲಾಗಿವೆಯೆ ಎಂದು ನೋಡುವನು. ಒಡವೆಗೆ ಮೆರುಗು ಕೊಟ್ಟರೆ ಶೋಭೆ. ಹಳೆಯ ಗಡಿಯಾರವನ್ನು ಉಜ್ಜಿ ಹೊಳೆಯಿಸಿದರೆ ಅದರ ಬೆಲೆ ಇಳಿಯುವುದು. ಅಮೆರಿಕದ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಗಡಿಯಾರವೊಂದು 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರುಗಳಿಗೆ ಹೋಯಿತು. ಅದು ಬರಿಯ ಉಕ್ಕಿನದು. ಎಚ್ಚರಿಕೆಯಿಂದ ವಾಹನ ನಡೆಸೆಂದು ಅವನ ಹೆಂಡತಿ ಅದರ ಬೆನ್ನಿನ ಮೇಲೆ ಕೆತ್ತಿಸಿದ್ದಳು. ಅಲ್ಲಿ ಬೆಲೆ ಬಂದುದು ಯಾರ ಕೈಯಲ್ಲಿದ್ದಿತೆಂಬುದಕ್ಕೆ, ಅದಕ್ಕೆ ಸಾಕ್ಷ್ಯವಿದ್ದಿತೆಂಬುದಕ್ಕೆ. ಸಾಕ್ಷ್ಯವಿಲ್ಲದ ಕಥೆಗೆ ಗಡಿಯಾರದ ಪೇಟೆಯಲ್ಲಿಯೂ ಕಾಸು ಹುಟ್ಟುವುದಿಲ್ಲ.

ಹಾಗೆ ನೋಡಿದರೆ ಚಿನಿವಾರನ ಮಾತೂ ಒಂದು ಸಾಕ್ಷ್ಯವೇ. ಅದರ ಉಪಯೋಗ ನಮಗೆ ತಿಳಿದುದು ಸ್ವಲ್ಪ ತಡವಾಗಿ. ಆ ವರ್ಷ ಆಲೂಗೆಡ್ಡೆಗೆ ಅಂಗಮಾರಿ ತಗಲಲಿಲ್ಲ; ಬೆಳೆ ಬಂದ ಮೇಲೆ ಅಣ್ಣನವರು ಅಡ್ಡಿಕೆಯನ್ನು ಬಿಡಿಸಿ ತಂದರು. ಕೆಲವು ವರ್ಷಗಳಾದ ಮೇಲೆ ತಾಯಿಯವರು ಅದನ್ನು ನಮ್ಮ ಇಬ್ಬರು ತಂಗಿಯರಲ್ಲಿ ಹಿರಿಯಳಿಗೆ ಕೊಟ್ಟು, ಕಿರಿಯಳಿಗೆ ಸಮನಾದ ಚಿನ್ನವನ್ನು ಕೊಡಬೇಕೆಂದರು. ಬ್ಯಾಂಕು ಕೊಟ್ಟ ಸಾಲದ ಮೊತ್ತವನ್ನೇ ಬೆಲೆಯೆಂದು ಹಿಡಿಯೋಣವೆಂದು ಮನೆಯಲ್ಲಿ ಒಬ್ಬರು ಸೂಚಿಸಿದರು. ಹಾಗೆ ಮಾಡಿದ್ದರೆ ಕಿರಿಯಳಿಗೆ ಅನ್ಯಾಯವಾಗುತ್ತಿದ್ದಿತು. 42 ಗ್ರಾಂ ಎಂದಿದ್ದರೆ ಹೆಚ್ಚಾಗುತ್ತಿದ್ದಿತು. ಕೊನೆಗೆ ಅದೇ ಚಿನಿವಾರರ ಬಳಿಗೆ ಹೋದೆವು. ಅವರು ‘ಏತಕ್ಕೆ?’ ಎಂದು ಕೇಳಿ, ಪಾಲಿಗೆಂದು ತಿಳಿದ ಮೇಲೆ, ಕೆಂಪುಗಳನ್ನು ಬೇರೆಯಾಗಿ ಎಣಿಸಿ, ಅವು ಕಾರ್ಖಾನೆಯಲ್ಲಿ ಕರಗಿಸಿ ಮಾಡಿದ ಕೃತಕ ಕೆಂಪುಗಳೆಂದೂ ಹೆಚ್ಚಿನ ಬೆಲೆಗೆ ಬಾರವೆಂದೂ ಹೇಳಿ, 30 ಗ್ರಾಂ ಅಪ್ಪಟ ಚಿನ್ನದ ಲೆಕ್ಕವನ್ನೇ ಖಾಯಂ ಮಾಡಿದರು.

ಒಡವೆಯನ್ನು ಪರೀಕ್ಷೆಗೆ ಒಯ್ಯುವವರು ನಾಲ್ಕು ಅಂಕಿಗಳನ್ನು ಕೇಳಿ ಬರೆಯಿಸಿಕೊಳ್ಳತಕ್ಕದ್ದು: ಒಟ್ಟು ತೂಕ, ಕಳೆದ ತೂಕ, ಕ್ಯಾರೆಟ್ಟು, ಯಾವ ದಿನದ ಯಾವ ದರ. ಇವುಗಳ ಜೊತೆಗೆ, ಏತಕ್ಕಾಗಿ ಬೆಲೆ ಕಟ್ಟಿದುದೆಂಬ ಒಂದು ಮಾತು. ಬರೆದುಕೊಡಲು ಹಿಂಜರಿಯುವವನ ಬಳಿ ಒಡವೆಯನ್ನು ಬಿಡದಿರುವುದು ಮೇಲು. ನಮ್ಮ ಚಿನಿವಾರರು ಕೇಳುವುದಕ್ಕೆ ಮುಂಚೆಯೇ ಬರೆದುಕೊಟ್ಟಿದ್ದರು. ಆ ಚೀಟಿ ಈಗ ಹಿರಿಯ ತಂಗಿಯ ಮನೆಯಲ್ಲಿ, ಅಡ್ಡಿಕೆಯ ಡಬ್ಬಿಯೊಳಗೇ ಇದೆ.