ಕಾನಾನ್ಯರು ಯಾರು?

ಒಂದು ಜನಾಂಗದ ಬಗ್ಗೆ ಅದರ ಎದುರಾಳಿಗಳು ಬರೆದಿಟ್ಟದ್ದು ಮಾತ್ರ ಉಳಿದಿದ್ದರೆ, ಆ ಜನರನ್ನು ನಾವು ಸರಿಯಾಗಿ ತಿಳಿದಂತಾಗುತ್ತದೆಯೇ? ಬಹುಕಾಲ ಕಾನಾನ್ಯರ ವಿಷಯದಲ್ಲಿ ಆದದ್ದು ಹೀಗೆಯೇ.

ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರವೇ ಕಾನಾನ್ ನಾಡು. ಇಂದಿನ ಇಸ್ರೇಲ್, ಪ್ಯಾಲೆಸ್ಟೈನ್, ಲೆಬನಾನ್ ಹಾಗೂ ಸಿರಿಯಾ, ಜೋರ್ಡಾನ್‌ಗಳ ಕೆಲವು ಭಾಗಗಳು ಅದರಲ್ಲಿ ಸೇರಿದ್ದವು. ಅಲ್ಲಿ ಇಡೀ ನಾಡಿಗೆ ಒಬ್ಬನೇ ಅರಸನಿರಲಿಲ್ಲ. ಹಾಚೋರ್, ಮೆಗಿದ್ದೋ, ಲಾಕೀಷ್ ಮುಂತಾದ ಪಟ್ಟಣಗಳಿಗೆ ಅವುಗಳದೇ ಅರಸರಿದ್ದರು.

ಬೈಬಲಿನ ಆದಿಕಾಂಡದ ಪ್ರಕಾರ ಕಾನಾನನು ನೋಹನ ಮೊಮ್ಮಗ. ದೇವರು ಅಬ್ರಹಾಮನ ಸಂತತಿಗೆ ಕೊಡುವೆನೆಂದು ಮಾತು ಕೊಟ್ಟದ್ದು ಈ ನಾಡನ್ನೇ. ಯೆಹೋಶುವನು ಯುದ್ಧ ಮಾಡಿ ಕಾನಾನ್ಯರನ್ನು ಸೋಲಿಸಿದನೆಂದು ಅವನ ಹೆಸರಿನ ಗ್ರಂಥ ಹೇಳುತ್ತದೆ. ಇವರ ಬಾಳ್ ದೇವತೆಯ ಪೂಜೆಯನ್ನು ಪ್ರವಾದಿಗಳು ಕಟುವಾಗಿ ಖಂಡಿಸಿದರು. ಇಷ್ಟನ್ನೇ ಓದಿದರೆ ಕಾನಾನ್ಯರು ಕೆಟ್ಟವರು, ಅಳಿದುಹೋದವರು ಎಂದೇ ತೋರುತ್ತದೆ.

ಆದರೆ ಅನೇಕ ಪಟ್ಟಣಗಳಲ್ಲಿ ಕಾನಾನ್ಯರು ಉಳಿದುಕೊಂಡರೆಂದು ನ್ಯಾಯಸ್ಥಾಪಕರ ಗ್ರಂಥದ ಮೊದಲ ಅಧ್ಯಾಯವೇ ತಿಳಿಸುತ್ತದೆ. ಯೆರಿಕೋ ಪಟ್ಟಣದ ರಾಹಾಬಳು ಗೂಢಚಾರರನ್ನು ಬಚ್ಚಿಟ್ಟು ಕಾಪಾಡಿದಳು. ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ವಂಶಾವಳಿಯಲ್ಲಿ ರಾಹಾಬಳ ಹೆಸರಿದೆ. ಮಗಳಿಗಾಗಿ ಮೊರೆಯಿಟ್ಟ ಕಾನಾನ್ಯ ತಾಯಿಯೊಬ್ಬಳ ನಂಬಿಕೆಯನ್ನು ಯೇಸು ಮೆಚ್ಚಿದ ಕಥೆಯೂ ಅದೇ ಸುವಾರ್ತೆಯಲ್ಲಿದೆ.

ಇನ್ನು ಮಣ್ಣಿನಡಿಯ ಸಾಕ್ಷ್ಯವನ್ನು ನೋಡೋಣ. 1929ರಲ್ಲಿ ಸಿರಿಯಾದ ಕರಾವಳಿಯಲ್ಲಿ ಉಗಾರಿತ್ ಎಂಬ ಹಳೆಯ ಪಟ್ಟಣದ ಉತ್ಖನನ ಆರಂಭವಾಯಿತು. ಅದು ಕಾನಾನಿನ ಉತ್ತರಕ್ಕಿದ್ದರೂ ದೇವತೆಗಳು ಹೆಚ್ಚುಕಡಿಮೆ ಅವರೇ. ಬಾಳ್ ದೇವತೆಯ ಕಥೆಗಳನ್ನು ಅವನನ್ನು ಪೂಜಿಸಿದವರೇ ಬರೆದ ಮಣ್ಣಿನ ಫಲಕಗಳು ಅಲ್ಲಿ ದೊರೆತವು. ಅವರ ಹಿರಿಯ ದೇವರ ಹೆಸರು ಏಲ್. ಹೀಬ್ರೂ ಬೈಬಲಿನಲ್ಲಿಯೂ ದೇವರನ್ನು ಕರೆಯಲು ಈ ಪದ ಬಳಕೆಯಾಗಿದೆ. ಯೆಶಾಯನ ಗ್ರಂಥವಂತೂ ಹೀಬ್ರೂ ನುಡಿಯನ್ನು ಕಾನಾನಿನ ಭಾಷೆ ಎಂದೇ ಕರೆದಿದೆ. ಎದುರಾಳಿಗಳೆನಿಸಿದವರು ಭಾಷೆಯಲ್ಲಿ ಇಷ್ಟು ಹತ್ತಿರದವರು!

ಭಾಷಾ ಶಿಕ್ಷಕರಾದ ನಮಗೆ ಹೆಚ್ಚು ಪ್ರಿಯವಾದದ್ದು ಅವರ ಅಕ್ಷರಗಳು. ಸುಮಾರು 3,800 ವರ್ಷಗಳ ಹಿಂದೆ ಅವರು ಈಜಿಪ್ಟಿನ ಚಿತ್ರಲಿಪಿಯಿಂದ ಕೆಲವೇ ಚಿತ್ರಗಳನ್ನು ಆರಿಸಿ, ಒಂದೊಂದಕ್ಕೂ ಒಂದೊಂದು ಧ್ವನಿಯನ್ನು ಕೊಟ್ಟರು. ಎತ್ತಿನ ತಲೆ 'ಅಲ್ಪ್', ಮನೆ 'ಬೇತ್'. ಶಾಲೆಯಲ್ಲಿ ಅರಬ್ಬಿ ಕಲಿಯುವ ಮಕ್ಕಳೇ, ನಿಮ್ಮ 'ಅಲಿಫ್', 'ಬಾ' ಇವುಗಳ ಪೀಳಿಗೆಯವೇ. ಅರಬ್ಬಿಯಲ್ಲಿ ಮನೆಗೆ 'ಬೈತ್' ಎನ್ನುವುದು ನಿಮಗೆ ಗೊತ್ತೇ ಇದೆ. ಇಂಗ್ಲಿಷಿನ ಎ, ಬಿ ಕೂಡ ಗ್ರೀಕರ ಮೂಲಕ ಬಂದ ಇದೇ ಅಕ್ಷರಗಳು. ಲಾಕೀಷ್‌ನಲ್ಲಿ 2016ರಲ್ಲಿ ಸಿಕ್ಕ ದಂತದ ಬಾಚಣಿಗೆಯೊಂದರ ಬರಹವನ್ನು 2022ರಲ್ಲಿ ಓದಲಾಯಿತು. ಕೂದಲು, ಗಡ್ಡಗಳ ಹೇನು ತೊಲಗಲಿ ಎಂಬ ಹಾರೈಕೆ ಅದರಲ್ಲಿದೆ!

ಅವರು ಅಳಿದುಹೋದರೇ? ಲೆಬನಾನಿನ ಸೀದೋನ್‌ನಲ್ಲಿ ದೊರೆತ ಸುಮಾರು 3,700 ವರ್ಷ ಹಳೆಯ ಐವರ ಅಸ್ಥಿಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಇಂದಿನ ಲೆಬನಾನಿನ ಜನರ ವಂಶಮೂಲದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಆ ಜನರದೇ ಎಂದು ಕಂಡುಬಂದಿತು.

ಆದ್ದರಿಂದ ಯಾವ ಜನರ ಬಗ್ಗೆಯಾದರೂ ಇತರರು ಹೇಳಿದ್ದನ್ನು ಓದಿದ ಮೇಲೆ, ಅವರು ತಾವೇ ಏನು ಬರೆದಿಟ್ಟಿದ್ದಾರೆ ಎಂದೂ ಹುಡುಕಿ ಓದೋಣ. ಮಕ್ಕಳಿಗೆ ಈ ರೂಢಿಯನ್ನು ಕಲಿಸುವ ಹೊಣೆ ಶಿಕ್ಷಕರಾದ ನಮ್ಮ ಮೇಲೂ ಪಾಲಕರಾದ ನಿಮ್ಮ ಮೇಲೂ ಇದೆ.